ಉತ್ತರ ಅಪೂರ್ಣ, ಹತ್ತಕ್ಕೆ ನಾಲ್ಕು

ಮೇಷ್ಟ್ರ ಮನೆಯ ಬಾಗಿಲನ್ನು ತುಕ್ಕಣ್ಣ ಮೊದಲ ಸಲ ತಟ್ಟಿದ ದಿನ ಒಳಗೆ ಜಗಳ ಚೆನ್ನಾಗಿ ಕಾವೇರಿತ್ತು. ಹಾಗಾಗಿ ಅವನು ತಟ್ಟಿದ್ದು ಯಾರಿಗೂ ಕೇಳಿಸಲಿಲ್ಲ. ಒಳಗಿನ ಮಾತು ಮಾತ್ರ ಅವನಿಗೆ ಒಂದಕ್ಷರವೂ ಬಿಡದೆ ಕೇಳಿಸಿತು.

ಹೆಂಡತಿ: ಈ ಮನೇಲಿ ಒಳ್ಳೆ ಕಿಟಕಿ ಅಂತ ಇರೋದು ಅದೊಂದೇ ಕೋಣೆಗೆ. ಆ ಬೆಳಕೆಲ್ಲ ನಿಮ್ಮ ಬಿಸ್ಕತ್ತಿನ ಡಬ್ಬಗಳ ಮೇಲೆ ಬೀಳ್ತಾ ಇದೆ. ಡಬ್ಬಗಳಿಗೇನು ಸೂಜಿಗೆ ದಾರ ಪೋಣಿಸೋ ಕೆಲಸ ಇದೆಯಾ?

ಮೇಷ್ಟ್ರು: ಡಬ್ಬ ಅನ್ಬೇಡ. ಒಳಗಿರೋದು ಸಂಗ್ರಹ.

ಹೆಂಡತಿ: ಸಂಗ್ರಹ ಅಂದ ಮಾತ್ರಕ್ಕೆ ಜಿರಲೆ ಬರಲ್ವಾ? ಮೊನ್ನೆ ಒಂದು ಹೊರಗೆ ಬಂತು. ಅದಕ್ಕೂ ರೋಲ್ ನಂಬರ್ ಕೊಟ್ಟಿದ್ದೀರೋ ಏನೋ ಅಂತ ಹೊಡೀದೆ ಬಿಟ್ಟೆ.

ಮೇಷ್ಟ್ರು: ಇಷ್ಟು ವರ್ಷ ಪ್ಯಾಸೇಜಿನಲ್ಲೇ ಹೊಲಿದೆಯಲ್ಲ? ಈಗೇನು ಬಂತು?

ಹೆಂಡತಿ: ಇಷ್ಟು ವರ್ಷ ಕಣ್ಣಿತ್ತು. ಈಗ ಕನ್ನಡಕ ಇದೆ. ನಿನ್ನೆ ಒಂದು ಸ್ಕೂಲ್ ಚಡ್ಡಿಯ ಎರಡೂ ಕಾಲು ಸೇರಿಸಿ ಹೊಲಿದು ಕೊಟ್ಟಿದ್ದೀನಿ. ಪಾಪ, ಆ ಮಗು ಅದನ್ನೇ ಹಾಕ್ಕೊಂಡು ಕಪ್ಪೆ ಥರ ಕುಪ್ಪಳಿಸ್ತಾ ಬಂದು, "ಅಜ್ಜೀ, ಸ್ವಲ್ಪ ಸರಿಮಾಡಿ ಕೊಡಿ" ಅಂತು.

ಮೇಷ್ಟ್ರು ಜೇಬಿನ ಪೆನ್ನನ್ನು ತೆಗೆದು ಮುಚ್ಚಳ ಬಿಚ್ಚಿ ಮತ್ತೆ ಹಾಕಿದರು. ಮಾತಿನಲ್ಲಿ ಸೋತಾಗ ಹೀಗೆ ಮಾಡುವುದು ಅವರ ಅಭ್ಯಾಸ. ಅದು ಕೆಂಪು ಶಾಯಿಯ ಪೆನ್ನು. ಹೈಸ್ಕೂಲಿನಲ್ಲಿ ಭಾಷೆ ಕಲಿಸಿ ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಪೆನ್ನು ಮಾತ್ರ ಇನ್ನೂ ನಿವೃತ್ತಿ ಪಡೆದಿರಲಿಲ್ಲ.

ಅವರ ಹೆಂಡತಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೊಲಿಗೆಯ ಯಂತ್ರವಿದ್ದದ್ದು ಅಡುಗೆಮನೆಗೂ ಮುಂದಿನ ಕೋಣೆಗೂ ನಡುವಿನ ಪ್ಯಾಸೇಜಿನಲ್ಲಿ. ಅಲ್ಲಿ ಹಗಲಿಗೂ ಸಂಜೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಯಾರೇ ದಾಟಿ ಹೋಗಬೇಕಾದರೂ ಉಸಿರು ಬಿಗಿಹಿಡಿದು ಅಡ್ಡಡ್ಡಲಾಗಿ ಸರಿಯಬೇಕಿತ್ತು. ಮೇಷ್ಟ್ರು ಎಷ್ಟು ಬಿಗಿಹಿಡಿದರೂ ಹೊಟ್ಟೆ ಹೋಗಿ ಯಂತ್ರದ ಚಕ್ರಕ್ಕೆ ತಗುಲಿ, ಹೊಲಿಗೆ ಒಂದೆರಡು ಅಂಗುಲ ಅಂಕುಡೊಂಕಾಗುತ್ತಿತ್ತು. ಬಿಸಿಲು ಬೀಳುವ ಮುಂದಿನ ಕೋಣೆಯಲ್ಲಿ ಒಂದು ಆರಾಮಕುರ್ಚಿ, ಅದರ ಮೇಲೆ ಮೇಷ್ಟ್ರು, ಅವರ ಸುತ್ತ ಗೋಡೆಯುದ್ದಕ್ಕೂ ಬಿಸ್ಕತ್ತಿನ ಹಳೆಯ ಡಬ್ಬಗಳು. ಡಬ್ಬಗಳ ತುಂಬ ಸಿನಿಮಾ ಹಾಡಿನ ಪುಸ್ತಕಗಳು.

ಇಂದಿನವರಿಗೆ ಅವು ತಿಳಿದಿರಲಿಕ್ಕಿಲ್ಲ. ಒಂದು ಕಾಲದಲ್ಲಿ ಟಾಕೀಸಿನ ಬಾಗಿಲಲ್ಲಿ ಕಡಲೆಕಾಯಿಯ ಪಕ್ಕದಲ್ಲೇ ಮಾರುತ್ತಿದ್ದ ತೆಳ್ಳನೆಯ ಪುಸ್ತಕಗಳು. ಒಳಗೆ ಸಿನಿಮಾದ ಹಾಡುಗಳು, ಅವಕ್ಕೆ ಮುಂಚೆ ಕಥೆ. ಕಥೆ ಎಂದರೆ ಪೂರ್ತಿ ಕಥೆಯಲ್ಲ. ನಾಯಕಿ ಮೂರ್ಛೆ ಹೋಗುವ ಹೊತ್ತಿಗೋ, ಖಳನಾಯಕ ಬಾಗಿಲು ಹಾಕಿಕೊಳ್ಳುವ ಹೊತ್ತಿಗೋ ಸರಿಯಾಗಿ ನಿಲ್ಲಿಸಿ, "ಮುಂದಿನ ಕಥೆಯನ್ನು ಬೆಳ್ಳಿಯ ತೆರೆಯ ಮೇಲೆ ನೋಡಿ ಆನಂದಿಸಿರಿ" ಎಂದು ಅಚ್ಚುಹಾಕಿ ಕೈತೊಳೆದುಕೊಳ್ಳುತ್ತಿದ್ದರು.

ತುಕ್ಕಣ್ಣ ಕೊನೆಗೆ ತಾನೇ ಬಾಗಿಲು ತಳ್ಳಿ ಒಳಗೆ ತಲೆ ಹಾಕಿದ.

ತುಕ್ಕಣ್ಣ: ಕ್ಷಮಿಸಬೇಕು. ಜಗಳ ಮುಗೀಲಿ ಅಂತ ಕಾಯ್ತಾ ಇದ್ದೆ. ಮುಗಿಯೋ ಥರ ಕಾಣ್ಲಿಲ್ಲ.

ಮೇಷ್ಟ್ರು: ಯಾರಪ್ಪಾ ನೀನು?

ತುಕ್ಕಣ್ಣ: ತುಕ್ಕಣ್ಣ ಅಂತಾರೆ.

ಮೇಷ್ಟ್ರು: ಅಂತಾರೆ ಅಂದ್ರೆ? ಸ್ವಂತದ್ದು ಅಂತ ಒಂದು ಹೆಸರಿಲ್ವಾ?

ತುಕ್ಕಣ್ಣ: ಇತ್ತು ಮೇಷ್ಟ್ರೇ. ಅಂಗಡಿ ಬೋರ್ಡ್ ಮೇಲೆ ಬರೆಸಿದ್ದೆ. ಬೋರ್ಡಿಗೆ ತುಕ್ಕು ಹಿಡೀತು. ಹೆಸರು ಹೋಯ್ತು, ತುಕ್ಕು ಉಳೀತು.

ಮೇಷ್ಟ್ರು: ಓಹೋ! ಹಳೆ ಪೇಪರಿನವನೋ? ತಕ್ಕಡಿ ಎಲ್ಲಿ?

ತುಕ್ಕಣ್ಣನ ಮುಖ ಸಣ್ಣದಾಯಿತು. ಅಂಗಿಯ ತೋಳನ್ನು ಎಳೆದು ಸರಿಮಾಡಿಕೊಂಡು ನೆಟ್ಟಗೆ ನಿಂತ.

ತುಕ್ಕಣ್ಣ: ತಕ್ಕಡಿ ಹಿಡಿಯೋನು ನಾನಲ್ಲ ಮೇಷ್ಟ್ರೇ. ನನ್ನದು ಹಳೆ ವಸ್ತುಗಳ ಅಂಗಡಿ. ಅವನು ತೂಕ ನೋಡ್ತಾನೆ, ನಾನು ನಿಟ್ಟುಸಿರು ನೋಡ್ತೀನಿ.

ಮೇಷ್ಟ್ರು: ಏನು ನೋಡ್ತೀಯ?

ತುಕ್ಕಣ್ಣ: ನಿಟ್ಟುಸಿರು. ಗಿರಾಕಿ ಬಂದು ಒಂದು ಹಳೇ ರೇಡಿಯೋನೋ, ಬಣ್ಣ ಹೋದ ಬೊಂಬೇನೋ ಕೈಗೆತ್ತಿಕೊಳ್ತಾನೆ. "ಅಯ್ಯೋ, ನಮ್ಮ ಮನೇಲೂ ಇಂಥದ್ದೇ ಇತ್ತು" ಅಂತ ಉಸಿರು ಬಿಡ್ತಾನೆ. ಉಸಿರು ಎಷ್ಟು ಉದ್ದವೋ ಅಷ್ಟು ಬೆಲೆ. ಬಾಯಿ ಬಿಟ್ಟು ಬೆಲೆ ಕೇಳೋ ಹೊತ್ತಿಗೆ ನಾನು ಲೆಕ್ಕ ಮುಗಿಸಿರ್ತೀನಿ.

ಮೇಷ್ಟ್ರು: ಗೂರಲು ಇರೋನು ಬಂದ್ರೆ?

ತುಕ್ಕಣ್ಣ: ಅಂಥವರಿಗೆ ರಿಯಾಯಿತಿ.

ಮೇಷ್ಟ್ರಿಗೆ ಮನುಷ್ಯ ಹಿಡಿಸಿಬಿಟ್ಟ. ಆದರೆ ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ.

ಮೇಷ್ಟ್ರು: ಸರಿ, ನಮ್ಮ ಮನೆ ನಿನಗೆ ಹೇಗೆ ಗೊತ್ತಾಯ್ತು?

ತುಕ್ಕಣ್ಣ: ಅಮ್ಮಾವ್ರು ಹೇಳಿಕಳಿಸಿದ್ರಲ್ಲ? ಕೋಣೆ ತುಂಬ ಹಳೇದಿದೆ, ಎಲ್ಲಾ ತಗೊಂಡು ಹೋಗಿ, ಸಂಜೆಯೊಳಗೆ ಖಾಲಿ ಆಗ್ಬೇಕು ಅಂತ.

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಅವರು ಯಂತ್ರದ ಮುಂದೆ ಕುಳಿತು, ಇದ್ದಕ್ಕಿದ್ದಂತೆ ಬಹಳ ಅವಸರದ ಕೆಲಸ ನೆನಪಾದವರಂತೆ ಪೆಡಲು ತುಳಿಯತೊಡಗಿದ್ದರು.

ಮೇಷ್ಟ್ರು: ನೀನು ಕರೆಸಿದ್ದಾ?

ಹೆಂಡತಿ: ಬೈದು ಸಾಕಾಯ್ತು. ಅದಕ್ಕೇ ಕರೆಸಿದೆ.

ಮೇಷ್ಟ್ರು: ಕೋಣೆ ತುಂಬ ಹಳೇದಿದೆ ಅಂತ ಹೇಳಿಕಳಿಸಿದೆಯಲ್ಲ, ಅದರಲ್ಲಿ ನಾನೂ ಸೇರಿದ್ದೀನಾ?

ಹೆಂಡತಿ: ನಿಮ್ಮನ್ನ ಅವರ ಅಂಗಡೀಲಿ ಇಟ್ರೆ ನಿಟ್ಟುಸಿರು ಬಿಡೋಳು ನಾನೊಬ್ಬಳೇ. ವ್ಯಾಪಾರ ಆಗಲ್ಲ.

ಮೇಷ್ಟ್ರು ಆರಾಮಕುರ್ಚಿಯಿಂದ ಎದ್ದರು. ಹೋಗಲೇಬೇಕೆಂದರೆ ಪುಸ್ತಕಗಳು ಯೋಗ್ಯನ ಕೈಗೇ ಹೋಗಲಿ ಎಂದುಕೊಂಡು, ಪರೀಕ್ಷೆಯ ಕೋಣೆಗೆ ವಿದ್ಯಾರ್ಥಿಯನ್ನು ಬಿಡುವ ಗಾಂಭೀರ್ಯದಿಂದ ತುಕ್ಕಣ್ಣನನ್ನು ಒಳಗೆ ಕರೆದರು.

ಮೇಷ್ಟ್ರು: ಇದು ಎ ಸೆಕ್ಷನ್. ಇವು ಬಿ ಸೆಕ್ಷನ್. ಆ ಮೂಲೇಲಿ ಇದೆಯಲ್ಲ ನಜ್ಜುಗುಜ್ಜಾದ ಡಬ್ಬ, ಅದು ಕೊನೇ ಬೆಂಚು.

ತುಕ್ಕಣ್ಣ: ಕೊನೇ ಬೆಂಚು ಅಂದ್ರೆ?

ಮೇಷ್ಟ್ರು: ಫೇಲಾದವರು.

ತುಕ್ಕಣ್ಣನಿಗೆ ಇದು ತಿಳಿಯಲಿಲ್ಲ. ಎ ಸೆಕ್ಷನ್ನಿನ ಡಬ್ಬದ ಮುಚ್ಚಳ ತೆಗೆದ. ಮೇಲೆಯೇ ಒಂದು ಪುಸ್ತಕ, ಮುಖಪುಟದಲ್ಲಿ ಸಮುದ್ರದ ನಡುವೆ ದೀಪಸ್ತಂಭ, ಅದರ ಬುಡದಲ್ಲಿ ಗಾಳಿಗೆ ಕೂದಲು ಹಾರಿಸಿಕೊಂಡು ನಿಂತ ಹುಡುಗಿ. ತುಕ್ಕಣ್ಣನ ಎದೆ ಉಬ್ಬಿತು. ಉದ್ದನೆಯ ಉಸಿರೊಂದು ಹೊರಡುವುದರಲ್ಲಿತ್ತು. ಪುಟ ತೆರೆದ. ಉಸಿರು ಅರ್ಧದಲ್ಲೇ ನಿಂತು ಕೆಮ್ಮಾಯಿತು.

ತುಕ್ಕಣ್ಣ: ಮೇಷ್ಟ್ರೇ! ಇದಕ್ಕೆ ಈ ಗತಿ ಮಾಡಿದವರು ಯಾರು?

ಮೇಷ್ಟ್ರು: ಯಾವ ಗತಿ?

ತುಕ್ಕಣ್ಣ: ಕೆಂಪು ಶಾಯಿ! ಪುಟದ ತುಂಬ ಕೆಂಪು ಶಾಯಿ! ಅಡಿಗೆರೆ, ಸುತ್ತುಗೆರೆ, ಮೂಲೇಲಿ ಸಹಿ ಬೇರೆ!

ಮೇಷ್ಟ್ರು: ತಿದ್ದಿದ್ದೀನಿ.

ತುಕ್ಕಣ್ಣ: ಸಿನಿಮಾ ಪುಸ್ತಕಾನ ಯಾರಾದ್ರೂ ತಿದ್ತಾರಾ?

ಮೇಷ್ಟ್ರು: ಓದಿ ನೋಡು. ಏನು ಬರೆದಿದ್ದಾರೆ ಅಂತ ನೀನೇ ಓದು.

ತುಕ್ಕಣ್ಣ ಕಿಟಕಿಯ ಬೆಳಕಿಗೆ ಹಿಡಿದು ಓದಿದ: "ಬಿರುಗಾಳಿಯ ಆ ರಾತ್ರಿ ದೀಪಸ್ತಂಭದ ಮೆಟ್ಟಿಲುಗಳ ಮೇಲೆ ಪಿಸ್ತೂಲು ಹಿಡಿದು ನಿಂತಿದ್ದವರಾರು? ಹಡಗಿನಲ್ಲಿ ಬರುತ್ತಿದ್ದ ನಾಯಕನ ಗತಿ ಏನಾಯಿತು? ಮುಂದಿನ ಕಥೆಯನ್ನು ಬೆಳ್ಳಿಯ ತೆರೆಯ ಮೇಲೆ ನೋಡಿ ಆನಂದಿಸಿರಿ." ಅದರ ಕೆಳಗೆ ಕೆಂಪಿನಲ್ಲಿ, ದುಂಡನೆಯ ಅಕ್ಷರಗಳಲ್ಲಿ: "ಪ್ರಶ್ನೆ ಕೇಳಿ ತಪ್ಪಿಸಿಕೊಳ್ಳಬಾರದು. ಉಪಸಂಹಾರ ಎಲ್ಲಿ? ಉತ್ತರ ಅಪೂರ್ಣ. ಹತ್ತಕ್ಕೆ ನಾಲ್ಕು."

ಇನ್ನೊಂದು ತೆಗೆದ. ಕುದುರೆಗಾಡಿಯ ಚಿತ್ರದ್ದು. "ಆರಂಭ ಚೆನ್ನಾಗಿದೆ. ಅವಸರದಲ್ಲಿ ಮುಗಿಸಿದಂತಿದೆ. ಉತ್ತರ ಅಪೂರ್ಣ. ಹತ್ತಕ್ಕೆ ನಾಲ್ಕು." ಮತ್ತೊಂದು ತೆಗೆದ. ಅವಳಿಜವಳಿ ಅಣ್ಣತಮ್ಮಂದಿರದ್ದು. "ಇಬ್ಬರಲ್ಲಿ ಜೈಲಿಗೆ ಹೋದವನು ಯಾರು? ಸ್ಪಷ್ಟವಿಲ್ಲ. ಪೋಷಕರನ್ನು ಕರೆದುಕೊಂಡು ಬಾ."

ತುಕ್ಕಣ್ಣ: ಎಲ್ಲಕ್ಕೂ ನಾಲ್ಕೇನಾ?

ಮೇಷ್ಟ್ರು: ಕೊನೇ ಬೆಂಚಿನವರಿಗೆ ಎರಡು. ಅವರು ಆರಂಭವನ್ನೂ ನೆಟ್ಟಗೆ ಬರೆದಿಲ್ಲ.

ತುಕ್ಕಣ್ಣ: ಹೋಗ್ಲಿ ಬಿಡಿ, ಇಷ್ಟೊಂದು ಸಿನಿಮಾ ನೋಡಿದ್ದೀರಲ್ಲ, ಅದಾದ್ರೂ ದೊಡ್ಡದು.

ಮೇಷ್ಟ್ರು: ಒಂದೂ ನೋಡಿಲ್ಲ.

ತುಕ್ಕಣ್ಣ: ಈ ಡಬ್ಬದ್ದು ಒಂದೂ ನೋಡಿಲ್ವಾ?

ಮೇಷ್ಟ್ರು: ಯಾವ ಡಬ್ಬದ್ದೂ ನೋಡಿಲ್ಲ.

ಪ್ಯಾಸೇಜಿನಲ್ಲಿ ಹೊಲಿಗೆಯ ಸದ್ದು ಒಂದು ಗಳಿಗೆ ನಿಧಾನವಾಗಿ ಮತ್ತೆ ಮೊದಲಿನಂತಾಯಿತು.

ಮೇಷ್ಟ್ರು ಕುರ್ಚಿಯ ತೋಳಿನ ಮೇಲೆ ಕುಳಿತು ಕಾರಣ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಟಾಕೀಸಿಗೆ ಹೋಗಿದ್ದರಂತೆ. ತಲೆಗೆ ಮಫ್ಲರ್ ಸುತ್ತಿಕೊಂಡು, ದೀಪ ಆರಿದ ಮೇಲೆ ಒಳಗೆ ಹೋಗಿ ಕುಳಿತರಂತೆ. ಇಂಟರ್‌ವಲ್ ದೀಪ ಹತ್ತಿದಾಗ ನೋಡುತ್ತಾರೆ, ಅವರ ಇಡೀ ತರಗತಿ ಹಿಂದಿನ ಸಾಲಿನಲ್ಲಿದೆ. ಎಲ್ಲರೂ ಎದ್ದು ನಿಂತು ಒಂದೇ ದನಿಯಲ್ಲಿ, "ನಮಸ್ಕಾರ ಸಾರ್!" ಎಂದರಂತೆ. ಟಾಕೀಸಿನವರೆಲ್ಲ ತಿರುಗಿ ನೋಡಿದರಂತೆ.

ತುಕ್ಕಣ್ಣ: ಆಮೇಲೇನು ಮಾಡಿದ್ರಿ?

ಮೇಷ್ಟ್ರು: ಏನು ಮಾಡ್ಲಿ? ಅಭ್ಯಾಸಬಲ. "ಕೂತ್ಕೊಳ್ಳಿ" ಅಂದೆ. ಟಾಕೀಸಲ್ಲಿ ನಿಂತಿದ್ದವರೆಲ್ಲ ಕೂತ್ರು, ಗೇಟ್‌ಕೀಪರೂ ಸೇರಿ. ಆವತ್ತು ಎದ್ದು ಬಂದವನು ಮತ್ತೆ ಆ ಕಡೆ ಹೋಗ್ಲಿಲ್ಲ. ಕಥೆ ಮಾತ್ರ ಬೇಕಾಗಿತ್ತು. ಅದಕ್ಕೇ ಪುಸ್ತಕ. ಒಂದರಲ್ಲಾದ್ರೂ ಪೂರ್ತಿ ಕಥೆ ಇದ್ದೀತು ಅಂತ ಒಂದಾದ ಮೇಲೊಂದು ಕೊಂಡೆ. ಫುಟ್‌ಪಾತಿನಲ್ಲಿ ಹುಡುಕಿ ಹುಡುಕಿ ಕೊಂಡೆ.

ತುಕ್ಕಣ್ಣ: ಯಾರನ್ನಾದ್ರೂ ಕೇಳಬಹುದಿತ್ತಲ್ಲ?

ಮೇಷ್ಟ್ರು: ಭಾಷೆ ಕಲಿಸೋ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ನಿಂತು, ಪಿಸ್ತೂಲು ಹಿಡಿದವರು ಯಾರು ಅಂತ ಕೇಳೋದಾ? ಮರ್ಯಾದೆ ಉಳಿಯುತ್ತಾ? ನೀನು ನೋಡಿದ್ದೀಯಾ ಇದನ್ನ?

ತುಕ್ಕಣ್ಣ: ನೋಡಿಲ್ಲ. ಕೇಳಿದ್ದೀನಿ.

ಮೇಷ್ಟ್ರು: ಅಂದ್ರೆ?

ತುಕ್ಕಣ್ಣ: ಹರೆಯದಲ್ಲಿ ಟಾಕೀಸಿನ ಸೈಕಲ್ ಸ್ಟ್ಯಾಂಡ್ ಕಾಯ್ತಿದ್ದೆ ಮೇಷ್ಟ್ರೇ. ಗೋಡೆ ಆಚೆ ಸಿನಿಮಾ, ಈಚೆ ನಾನು. ಸೈಕಲ್ ಬಿಟ್ಟು ಒಳಗೆ ಹೋಗೋ ಹಾಗಿಲ್ಲ. ಅಲ್ಲಿಗೆ ಬಂದ ಎಲ್ಲ ಸಿನಿಮಾದ ಸದ್ದೂ ನನಗೆ ಬಾಯಿಪಾಠ. ಈ ದೀಪಸ್ತಂಭದ್ದು ಹೇಳ್ಲಾ? ಕೊನೇಲಿ ಗುಡುಗು. ಆಮೇಲೆ ಬೂಟಿನ ಸದ್ದು, ಟಕ್ ಟಕ್ ಟಕ್. ಆಮೇಲೆ ಢಂ! ಗಾಜು ಒಡೆದ ಸದ್ದು. ಆಮೇಲೆ ಅವಳ ಹಾಡು. ಆಮೇಲೆ ಜನ ಎಲ್ಲ ಸೈಕಲ್ಲಿಗೆ ಓಡಿ ಬರೋರು.

ಮೇಷ್ಟ್ರ ಕಣ್ಣು ಅಗಲವಾದವು. ಅವರ ಬಳಿ ಎಲ್ಲ ಕಥೆಗಳ ತಲೆಯಿತ್ತು. ಈ ಮನುಷ್ಯನ ಬಳಿ ಬಾಲದ ಸದ್ದಿದೆ! ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಖಾಲಿ ಮಾಡಬೇಕಾದ ಕೋಣೆ, ಸಂಜೆಯ ಗಡುವು, ಎರಡೂ ಇಬ್ಬರಿಗೂ ಮರೆತುಹೋಗಿದ್ದವು.

ಮೇಷ್ಟ್ರು: ಢಂ ಅಂತು ಸರಿ, ಯಾರಿಗೆ ಬಿತ್ತು?

ತುಕ್ಕಣ್ಣ: ಅದು ಗೋಡೆ ಈಚೆ ಕಾಣ್ಸಲ್ವಲ್ಲ. ನಾಯಕನಿಗೇ ಬಿತ್ತು ಅಂತ ನನ್ನ ಅಂದಾಜು. ಅದಕ್ಕೇ ಅವಳು ಹಾಡ್ತಾಳೆ.

ಮೇಷ್ಟ್ರು: ನಾಯಕ ಹಡಗಿನಲ್ಲಿದ್ದಾನೆ. ಇಲ್ಲಿ ಓದು, "ಹಡಗಿನಲ್ಲಿ ಬರುತ್ತಿದ್ದ". ಮೆಟ್ಟಿಲ ಮೇಲಿನ ಗುಂಡು ಸಮುದ್ರದವರೆಗೂ ಹೋಗುತ್ತಾ? ಖಳನಾಯಕನಿಗೆ ಬಿತ್ತು.

ತುಕ್ಕಣ್ಣ: ಖಳನಾಯಕ ಸತ್ರೆ ಒಂದು ನರಳಾಟ ಇರುತ್ತೆ ಮೇಷ್ಟ್ರೇ, "ಆ... ಆ..." ಅಂತ. ನಾನು ಬೇಕಾದಷ್ಟು ಖಳನಾಯಕರ ಸಾವು ಕೇಳಿದ್ದೀನಿ. ಇದರಲ್ಲಿ ನರಳಾಟವೇ ಇಲ್ಲ.

ಮೇಷ್ಟ್ರು: ತಕ್ಷಣ ಸತ್ತಿರಬಹುದು.

ತುಕ್ಕಣ್ಣ: ಆ ಕಾಲದಲ್ಲಿ ಯಾರೂ ತಕ್ಷಣ ಸಾಯ್ತಿರಲಿಲ್ಲ!

ಮೇಷ್ಟ್ರು: ಹಾಗಾದ್ರೆ ಅವಳ ಅಪ್ಪನಿಗೆ.

ತುಕ್ಕಣ್ಣ: ಅಪ್ಪ ಇಂಟರ್‌ವಲ್ಲಿಗೆ ಮುಂಚೇನೇ ಹೋದ. ಅವನ ಕೆಮ್ಮು ಆಮೇಲೆ ಕೇಳಿಸಲೇ ಇಲ್ಲ.

ಮೇಷ್ಟ್ರು: ಅಂದ್ರೆ ನಿನ್ನ ಪ್ರಕಾರ ಗುಂಡು ಯಾರಿಗೂ ಬೀಳ್ಲಿಲ್ವಾ? ಗಾಳೀಲಿ ಹೋಯ್ತಾ?

ಹೆಂಡತಿ: ಅಯ್ಯೋ, ದೀಪಕ್ಕೆ ಬಿತ್ತು ಕಣ್ರೀ!

ಯಂತ್ರ ನಿಂತಿತು. ಮೇಷ್ಟ್ರ ಹೆಂಡತಿ ಬಾಯಿ ತಪ್ಪಿ ಬಂದ ಮಾತನ್ನು ಹಿಂದಕ್ಕೆ ಎಳೆದುಕೊಳ್ಳಲು ನೋಡಿದರು. ಅದು ಆಗಲೇ ಮುಂದಿನ ಕೋಣೆಗೆ ಬಂದು ಕುಳಿತಿತ್ತು.

ಮೇಷ್ಟ್ರು: ಏನಂದೆ?

ಹೆಂಡತಿ: ಏನಿಲ್ಲ. ಬಾಬಿನ್ನಿನ ದಾರ ಮುಗೀತು ಅಂದೆ.

ಮೇಷ್ಟ್ರು: ದೀಪಕ್ಕೆ ಬಿತ್ತು ಅಂದೆ.

ತುಕ್ಕಣ್ಣ: ಅಮ್ಮಾ, ದಯವಿಟ್ಟು ಹೇಳಿಬಿಡಿ. ಆ ಢಂ ನನ್ನ ತಲೆಯೊಳಗೆ ಇನ್ನೂ ಸುತ್ತುತ್ತಾ ಇದೆ.

ಅವರು ಎದ್ದು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಕೊರಳಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು. ಮೊದಲು ಗಂಡನ ಮುಖವನ್ನು, ಆಮೇಲೆ ಮುಖಪುಟದ ಹುಡುಗಿಯನ್ನು ನೋಡಿದರು.

ಹೆಂಡತಿ: ಪಿಸ್ತೂಲು ಹಿಡಿದೋಳು ಅವಳೇ. ಗುಂಡು ಹೊಡೆದದ್ದು ದೀಪಕ್ಕೆ. ದೀಪ ಆರಿಹೋದ್ರೆ ಕಳ್ಳರ ದೋಣಿಗೆ ದಡ ಕಾಣಲ್ಲ ಅಂತ. ಆದ್ರೆ ಅದೇ ಕತ್ತಲಲ್ಲಿ ಅವನ ಹಡಗೂ ಬರ್ತಾ ಇರುತ್ತೆ. ಅದಕ್ಕೆ ಅವಳು ಮೇಲೆ ನಿಂತು ಹಾಡ್ತಾಳೆ. ಆ ದನಿ ಹಿಡ್ಕೊಂಡು ಅವನು ದಡ ಸೇರ್ತಾನೆ. ಅಷ್ಟೇ. ಯಾರೂ ಸಾಯಲ್ಲ.

ತುಕ್ಕಣ್ಣ: ಯಾರೂ ಸಾಯಲ್ವಾ! ಜನ ಎಲ್ಲ ನಗ್ತಾ ಬಂದು ಸೈಕಲ್ ಕೇಳೋರು. ಎಂಥಾ ಕಲ್ಲೆದೆ ಇವರದ್ದು ಅಂದ್ಕೊಂಡು ನಾನು ಅಳ್ತಾ ಅಳ್ತಾ ಸೈಕಲ್ ಕೊಡ್ತಿದ್ದೆ.

ಮೇಷ್ಟ್ರು ಮಾತ್ರ ನಗಲೂ ಇಲ್ಲ, ಅಳಲೂ ಇಲ್ಲ.

ಮೇಷ್ಟ್ರು: ನಿನಗೆ ಇದು ಹೇಗೆ ಗೊತ್ತು?

ಹೆಂಡತಿ: ನೋಡಿದ್ದೀನಿ.

ಮೇಷ್ಟ್ರು: ಯಾವಾಗ?

ಹೆಂಡತಿ: ಬುಧವಾರ.

ಮೇಷ್ಟ್ರು: ಬುಧವಾರ ಮಧ್ಯಾಹ್ನ ನಿನಗೆ ಹೊಲಿಗೆ ಕ್ಲಾಸ್ ಇರ್ತಿತ್ತು!

ಹೆಂಡತಿ: ಇರ್ತಿತ್ತು. ಕ್ಲಾಸ್ ಟಾಕೀಸಲ್ಲೇ ನಡೀತಿತ್ತು. ಟೀಚರಮ್ಮನೇ ನಮ್ಮನ್ನೆಲ್ಲ ಮ್ಯಾಟಿನಿಗೆ ಕರ್ಕೊಂಡು ಹೋಗ್ತಿದ್ರು. ಕಾಲರ್ ಹೇಗೆ ಕತ್ತರಿಸ್ತಾರೆ, ತೋಳು ಹೇಗೆ ಇಡ್ತಾರೆ, ಎಲ್ಲ ತೆರೆ ಮೇಲೆ ನೋಡಿ ಕಲೀಬೇಕಿತ್ತಲ್ಲ? ಪಾಠ.

ಮೇಷ್ಟ್ರು: ಎಲ್ಲ ಸಿನಿಮಾನೂ ಪಾಠವಾ?

ಹೆಂಡತಿ: ಕೆಲವನ್ನ ಎರಡು ಸಲ ಪಾಠ ಮಾಡ್ತಿದ್ರು. ನಿಮ್ಮ ನೀಲಿ ಅಂಗಿ ನೆನಪಿದೆಯಾ? ಅಗಲ ಕಾಲರಿಂದು? ಅದು ಈ ದೀಪಸ್ತಂಭದ್ದೇ.

ಮೇಷ್ಟ್ರ ಮುಖದಲ್ಲಿ ಸ್ವಲ್ಪ ಕಳೆ ಬಂತು. ಆ ಅಂಗಿ ತಮಗೆ ಚೆನ್ನಾಗಿ ಒಪ್ಪುತ್ತಿತ್ತೆಂಬುದು ಅವರ ಬಹುಕಾಲದ ನಂಬಿಕೆ.

ಮೇಷ್ಟ್ರು: ನಾಯಕನದ್ದಾ?

ಹೆಂಡತಿ: ಖಳನಾಯಕಂದು. ನಾಯಕಂದು ಹೊಲಿಯೋಕೆ ಬಟ್ಟೆ ಸಾಲ್ಲಿಲ್ಲ.

ಮೇಷ್ಟ್ರು ನಿಧಾನವಾಗಿ ಆರಾಮಕುರ್ಚಿಗೆ ಇಳಿದರು. ಆ ಅಂಗಿ ಹಾಕಿಕೊಂಡು ಮೊದಲ ಸಲ ತರಗತಿಗೆ ಹೋದ ದಿನ ಹುಡುಗರು ಬೆಂಚು ಬಡಿದು ಚಪ್ಪಾಳೆ ತಟ್ಟಿದ್ದು ನೆನಪಾಯಿತು. ಅಂದು ಅವರು ಸಂಧಿ ಪ್ರಕರಣ ಹೇಳಿಕೊಡುತ್ತಿದ್ದರು. ಸಂಧಿಗೆ ಚಪ್ಪಾಳೆ ಬಿದ್ದ ಏಕೈಕ ಮೇಷ್ಟ್ರು ತಾವೆಂದು ಇಷ್ಟು ವರ್ಷವೂ ಹೆಮ್ಮೆಪಟ್ಟಿದ್ದರು.

ಮೇಷ್ಟ್ರು: ಒಂದು ಮಾತು ಹೇಳಬಾರದಿತ್ತಾ ಇವಳೇ?

ಹೆಂಡತಿ: ಹೇಳೋಣ ಅಂತಿದ್ದೆ. ನಿಮ್ಮ ಈ ಮೊದಲನೇ ಪುಸ್ತಕ ನಿಮಗೆ ಎಲ್ಲಿ ಸಿಕ್ತು, ನೆನಪು ಮಾಡ್ಕೊಳ್ಳಿ.

ಮೇಷ್ಟ್ರು: ನಿನ್ನ ಮಿಷನ್ನಿನ ಡ್ರಾಯರಲ್ಲಿ. ಗುಂಡಿಗಳ ಕೆಳಗೆ. ಬಟ್ಟೆ ಕೊಡೋಕೆ ಬಂದವರು ಯಾರೋ ಬಿಟ್ಟು ಹೋಗಿದ್ದು ಅಂದ್ಕೊಂಡೆ.

ಹೆಂಡತಿ: ಬಚ್ಚಿಟ್ಟೋಳು ನಾನು. ನೀವು ತೆಗೆದು ಓದೋಕೆ ಶುರು ಮಾಡಿದ್ರಿ. ನನಗೆ ಇಲ್ಲಿ ಪ್ರಾಣ ಹೋಯ್ತು, ಇವತ್ತು ಮುಗೀತು ನನ್ನ ಕಥೆ ಅಂತ. ನೀವು ಪೆನ್ನು ತೆಗೆದ್ರಿ. ಗೀಚಿದ್ರಿ. "ಕೊನೆ ಎಲ್ಲಿ, ಕೊನೆ ಎಲ್ಲಿ" ಅಂತ ಗೊಣಗಿದ್ರಿ. ನಾಲಿಗೆ ತುದಿವರೆಗೂ ಬಂತು. ಹೇಳಿದ್ರೆ ಸಿಕ್ಕಿಬೀಳ್ತಿದ್ದೆ. ಬುಧವಾರ ಹೋಗ್ತಿತ್ತು.

ಮೇಷ್ಟ್ರು: ಅಂದ್ರೆ ನಾನು ಊರೆಲ್ಲ ಹುಡುಕಿದ ಕೊನೆ ಇಷ್ಟು ವರ್ಷ ನನ್ನ ಪಕ್ಕದಲ್ಲೇ ಕೂತಿತ್ತು.

ಹೆಂಡತಿ: ಪಕ್ಕದಲ್ಲೆಲ್ಲಿ? ಪ್ಯಾಸೇಜಿನಲ್ಲಿ ಕೂತಿತ್ತು. ಕತ್ತಲಲ್ಲಿ.

ಮೇಷ್ಟ್ರು ಜೇಬಿನ ಪೆನ್ನಿಗೆ ಕೈ ಹಾಕಿದರು. ಮುಚ್ಚಳ ಬಿಚ್ಚುವ ಧೈರ್ಯವಾಗಲಿಲ್ಲ. ಆಗ ತುಕ್ಕಣ್ಣ, ಪುಸ್ತಕವನ್ನು ಎದೆಗೆ ಒತ್ತಿಕೊಂಡು, ತಾನು ಹುಟ್ಟಿದಾಗಿನಿಂದ ಕೂಡಿಟ್ಟಿದ್ದನೋ ಎಂಬಷ್ಟು ಉದ್ದದ ನಿಟ್ಟುಸಿರೊಂದನ್ನು ಬಿಟ್ಟ.

ತುಕ್ಕಣ್ಣ: ಎಲ್ಲಾ ತಗೋತೀನಿ ಮೇಷ್ಟ್ರೇ. ಕೆಂಪು ಶಾಯಿ ಸಮೇತ. ಕೊನೇ ಬೆಂಚೂ ಇರಲಿ. ನೀವು ಹೇಳಿದ ಬೆಲೆ.

ಮೇಷ್ಟ್ರು ತಲೆ ತಗ್ಗಿಸಿ ಹೇಳಿದರು:

ಮೇಷ್ಟ್ರು: ತಗೊಂಡು ಹೋಗಪ್ಪಾ. ಕಿಟಕಿ ಅವಳಿಗೆ ಬಿಡು. ತಡವಾಯ್ತು, ಆದ್ರೂ ಬಿಡು.

ಹೆಂಡತಿ: ಏನು ತಗೊಂಡು ಹೋಗೋದು? ಕೆಳಗಿಡಿ ಅದನ್ನ.

ತುಕ್ಕಣ್ಣ: ಅಮ್ಮಾ, ಕರೆಸಿದವರೇ ನೀವು!

ಹೆಂಡತಿ: ಕರೆಸಿದ್ದು ಅವರ ಸಾಮಾನು ಸಾಗಿಸೋಕೆ. ಮೊದಲನೇ ಪುಸ್ತಕ ನನ್ನದು. ಮಿಕ್ಕ ಎಲ್ಲದರ ಕೊನೆಯೂ ನನ್ನ ಹತ್ತಿರ ಇದೆ. ಅರ್ಧ ಸಾಮಾನು ಮಾರೋಕಾಗುತ್ತಾ?

ಮೇಷ್ಟ್ರು ತಲೆ ಎತ್ತಿದರು. ಇಷ್ಟು ಹೊತ್ತೂ ಕಾಣದಿದ್ದ ಮಂದಹಾಸವೊಂದು ಮುಖದಲ್ಲಿ ಮೂಡತೊಡಗಿತು. ಆದರೆ ಅದು ಪೂರ್ತಿ ಮೂಡುವಷ್ಟರಲ್ಲಿ ಹೆಂಡತಿ ಅಳತೆಯ ಟೇಪನ್ನು ಕೊರಳಿಂದ ತೆಗೆದು ನೆಲದ ಮೇಲೆ ಹಿಡಿದಿದ್ದರು. ಕಿಟಕಿಯಿಂದ ಗೋಡೆಗೆ ಅಳೆದರು. ಡಬ್ಬಗಳನ್ನು ಅಳೆದರು. ಆಮೇಲೆ ಆರಾಮಕುರ್ಚಿಯನ್ನು, ಮೇಷ್ಟ್ರನ್ನು ಕೂರಿಸಿಕೊಂಡೇ, ಉದ್ದಗಲ ಅಳೆದರು.

ಹೆಂಡತಿ: ಮಿಷನ್ ಇಲ್ಲಿಗೆ ಬಂದ್ರೆ ಡಬ್ಬಗಳು ಅದರ ಪಕ್ಕ ಒಂದರ ಮೇಲೊಂದು ನಿಲ್ತವೆ. ಜಾಗ ತಿಂತಾ ಇರೋದು ಅವಲ್ಲ. ಇದು.

ಮೇಷ್ಟ್ರು: ಇದು ನನ್ನ ಕುರ್ಚಿ!

ಹೆಂಡತಿ: ಹಳೇದು ತಾನೇ? ತುಕ್ಕಣ್ಣಾ, ಒಂದು ಸಲ ಕೂತು ನೋಡಿ.

ಮೇಷ್ಟ್ರನ್ನು ಎಬ್ಬಿಸಿ ತುಕ್ಕಣ್ಣ ಕುಳಿತ. ಬೆನ್ನು ಒರಗಿತು, ಕಾಲು ಚಾಚಿತು, ಕಣ್ಣು ತಾನಾಗಿ ಮುಚ್ಚಿತು.

ತುಕ್ಕಣ್ಣ: ಹ್ಞಾ... ಆ... ಆ...

ಮೇಷ್ಟ್ರು: ನಿಟ್ಟುಸಿರು ಬಿಡಬೇಡ! ಬಿಡಬೇಡ ಅಂದೆ!

ತುಕ್ಕಣ್ಣ: ತಡವಾಯ್ತು ಮೇಷ್ಟ್ರೇ. ಆಗಲೇ ಹೊರಟುಹೋಯ್ತು.

ಮೇಷ್ಟ್ರು: ಮತ್ತೆ ನಾನು ಎಲ್ಲಿ ಕೂರ್ಲಿ?

ಹೆಂಡತಿ: ನನ್ನ ಪಕ್ಕದಲ್ಲಿ ಸ್ಟೂಲ್ ಹಾಕ್ತೀನಿ. ಸೂಜಿಗೆ ದಾರ ಪೋಣಿಸೋಕೆ ಆರಾಮಕುರ್ಚಿ ಯಾಕೆ?

ಸಂಜೆಯಾಗುವ ಮುಂಚೆ ಕೋಣೆಯಿಂದ ಒಂದೇ ಒಂದು ಹಳೆಯ ವಸ್ತು ಹೊರಗೆ ಹೋಯಿತು. ತುಕ್ಕಣ್ಣ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬೀದಿಯ ತಿರುವಿನವರೆಗೂ ಹೋದದ್ದನ್ನು ಮೇಷ್ಟ್ರು ಕಿಟಕಿಯಲ್ಲಿ ನಿಂತು ನೋಡಿದರು. ಅವರು ಬಿಟ್ಟ ನಿಟ್ಟುಸಿರನ್ನು ತುಕ್ಕಣ್ಣ ಕೇಳಿಸಿಕೊಂಡಿದ್ದರೆ ಇನ್ನಷ್ಟು ಕೊಟ್ಟು ಹೋಗುತ್ತಿದ್ದ.

ಕುರ್ಚಿ ಇನ್ನೂ ಮಾರಾಟವಾಗಿಲ್ಲವಂತೆ. ಗಿರಾಕಿಗಳೆದುರು ತೋರಿಸಲೆಂದು ತುಕ್ಕಣ್ಣನೇ ಅದರಲ್ಲಿ ಕುಳಿತು, ಗಿರಾಕಿಗಿಂತ ಉದ್ದದ ಉಸಿರು ಬಿಡುತ್ತಾನೆ. ಬೆಲೆ ಏರುತ್ತಲೇ ಹೋಗುತ್ತದೆ. ಬುಧವಾರ ಮಧ್ಯಾಹ್ನ, ಸರಿಯಾಗಿ ಮ್ಯಾಟಿನಿಯ ಹೊತ್ತಿಗೆ, ಅಂಗಡಿ ಮುಚ್ಚಿ ಮೇಷ್ಟ್ರ ಮನೆಗೆ ಬಂದು ಹೊಸ್ತಿಲ ಮೇಲೆ ಕೂರುತ್ತಾನೆ. ಗುಡುಗು, ಬೂಟಿನ ಸದ್ದು, ಪಿಸ್ತೂಲಿನ ಢಂ ಅವನ ಪಾಲಿನವು. ಮೇಷ್ಟ್ರು ಸ್ಟೂಲಿನ ಮೇಲೆ ಕುಳಿತು ಕಥೆಯ ಆರಂಭವನ್ನು ಓದುತ್ತಾರೆ, ಓದುತ್ತಲೇ ಸೂಜಿಗೆ ದಾರ ಪೋಣಿಸುತ್ತಾರೆ. ಪುಸ್ತಕ ಎಲ್ಲಿ ಕೈಕೊಡುತ್ತದೆಯೋ ಅಲ್ಲಿಂದ ಅವರ ಹೆಂಡತಿ, ಕಿಟಕಿಯ ಬೆಳಕಿನಲ್ಲಿ ಹೊಲಿಯುತ್ತ, ಮುಂದಕ್ಕೆ ಹೇಳುತ್ತಾರೆ. ಚಡ್ಡಿಗಳ ಕಾಲು ಈಗ ಬೇರೆಬೇರೆಯಾಗಿಯೇ ಇರುತ್ತವೆ. ಕಥೆ ಮುಗಿದ ಪುಸ್ತಕದಲ್ಲಿ ಮೇಷ್ಟ್ರು ನಾಲ್ಕನ್ನು ಹೊಡೆದುಹಾಕಿ ಹತ್ತು ಬರೆದು, ಸಹಿಗೆ ಹೆಂಡತಿಯ ಮುಂದೆ ಹಿಡಿಯುತ್ತಾರೆ.

ಕಳೆದ ಬುಧವಾರ ಕುದುರೆಗಾಡಿಯ ಕಥೆ ನಡೆದಿತ್ತು. ಗಾಡಿ ಸೇತುವೆಯ ಮೇಲೆ ಬಂದಿದೆ, ಸೇತುವೆ ಮುರಿಯುತ್ತಿದೆ, ತುಕ್ಕಣ್ಣ ಕುದುರೆಯ ಹಾಗೆ ಕೆನೆಯುತ್ತಿದ್ದಾನೆ. ಮೇಷ್ಟ್ರ ಕೈಯಲ್ಲಿನ ದಾರ ಸೂಜಿಯ ಕಣ್ಣನ್ನು ಬಿಟ್ಟು ಎಲ್ಲೋ ಹೋಗಿತ್ತು. ಆಗ ಅವರ ಹೆಂಡತಿ ಪೆಡಲಿನಿಂದ ಕಾಲು ತೆಗೆದರು.

ಮೇಷ್ಟ್ರು: ಗಾಡಿ ಬಿತ್ತಾ? ಒಳಗೆ ಯಾರಿದ್ರು? ಹೇಳೇ!

ಹೆಂಡತಿ: ಮುಂದಿನ ಕಥೆಯನ್ನು ಪಾತ್ರೆ ತೊಳೆದ ಮೇಲೆ ಕೇಳಿ ಆನಂದಿಸಿರಿ.

ಮೇಷ್ಟ್ರು ಎದ್ದು, ತೋಳು ಮಡಿಸಿ, ಅಡುಗೆಮನೆಗೆ ಹೋದರು. ಪ್ಯಾಸೇಜಿನಲ್ಲಿ ಈಗ ಹೊಟ್ಟೆಗೆ ಏನೂ ಅಡ್ಡ ಬರುವುದಿಲ್ಲ. ನಲ್ಲಿಯ ಸದ್ದು, ತಿಕ್ಕುವ ಸದ್ದು, ತಟ್ಟೆ ಜಾರಿ ಬಿದ್ದ ಸದ್ದು, ಎಲ್ಲವನ್ನೂ ತುಕ್ಕಣ್ಣ ಗೋಡೆಯ ಈಚೆಯಿಂದ ಕೇಳಿಸಿಕೊಂಡು, "ಬಾಣಲೆಗೆ ಬಂದ್ರು... ಆತುರ ಮಾಡ್ತಿದ್ದಾರೆ" ಎಂದು ವರದಿ ಕೊಡುತ್ತಿದ್ದ. ಮೇಷ್ಟ್ರು ಕೈ ಒರೆಸಿಕೊಳ್ಳುತ್ತ ಓಡಿಬಂದು ಸ್ಟೂಲಿನ ಮೇಲೆ ಕುಳಿತರು.

ಮೇಷ್ಟ್ರು: ಮುಗೀತು. ಈಗ ಹೇಳು. ಗಾಡಿ ಬಿತ್ತಾ?

ಅವರ ಹೆಂಡತಿ ಒಳಗೆ ಹೋಗಿ ಬಾಣಲೆಯನ್ನು ತಂದರು. ಅದನ್ನು ಮಗುಚಿ, ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕದ ಮೇಲಿನಿಂದ ನೋಡಿದರು. ಗಂಡನ ಜೇಬಿನಿಂದ ಕೆಂಪು ಪೆನ್ನನ್ನು ಮೆಲ್ಲಗೆ ಎಳೆದುಕೊಂಡರು.

ಹೆಂಡತಿ: ಆರಂಭ ಚೆನ್ನಾಗಿದೆ. ತಳದ ಮಸಿ ಹಾಗೇ ಇದೆ. ಉತ್ತರ ಅಪೂರ್ಣ. ಹತ್ತಕ್ಕೆ ನಾಲ್ಕು.